ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕುವವರ ಲೆದರ್ ಶೂ: ಕೊಳ್ಳುವುದು ಹೇಗೆ, ಕಾಪಾಡುವುದು ಹೇಗೆ

ಆರು ವರ್ಷದ ಹಿಂದೆ ಒಂದು ಮದುವೆಗೆ ಅಂತ ಚಿತ್ರದುರ್ಗಕ್ಕೆ ಹೋಗಿದ್ದೆ. ಕಾಲಲ್ಲಿದ್ದದ್ದು ನನ್ನ ರಿಸೆಪ್ಷನ್ನಿಗೆ ಕೊಂಡಿದ್ದ ಕಪ್ಪು ಶೂ. ಹೆಚ್ಚೆಂದರೆ ನಾಲ್ಕು ಸಲ ಹಾಕಿದ್ದೆ. ಉಳಿದ ಏಳು ವರ್ಷ ಅದು ಪ್ಲಾಸ್ಟಿಕ್ ಕವರಿನೊಳಗೆ, ಡಬ್ಬಿಯೊಳಗೆ, ಬೀರುವಿನ ಮೇಲೆ ಜೋಪಾನವಾಗಿತ್ತು. ಕಾರಿನಿಂದ ಇಳಿದು ಕಲ್ಯಾಣ ಮಂಟಪದ ಬಾಗಿಲವರೆಗೆ ನಡೆದೆ ಅಷ್ಟೇ. ಹಿಂದಿನಿಂದ ಅಕ್ಕನ ಮಗ ಕೂಗಿದ, "ಮಾಮಾ, ನಿಮ್ಮ ಶೂ ಉದುರ್ತಾ ಇದೆ!" ತಿರುಗಿ ನೋಡಿದರೆ ಕೆಂಪು ಜಮಖಾನದ ಉದ್ದಕ್ಕೂ ಕಪ್ಪು ಪುಡಿ. ಮೇಲಿನ ಚರ್ಮ ಹೊಸದರ ಹಾಗೇ ಹೊಳೆಯುತ್ತಿತ್ತು. ಕೆಳಗಿನ ಅಟ್ಟೆ ಮಾತ್ರ ಒಣಗಿದ ಕೇಕಿನ ಹಾಗೆ ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು. ಊಟಕ್ಕೆ ಬರಿಗಾಲಲ್ಲೇ ಕೂತೆ. ಪುಣ್ಯಕ್ಕೆ ನಮ್ಮ ಕಡೆ ಬರಿಗಾಲಲ್ಲಿ ಊಟಕ್ಕೆ ಕೂತರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ರೆಪ್. ಹದಿನೆಂಟು ವರ್ಷ ಆಯ್ತು. ದಿನಾ ಫಾರ್ಮಲ್ ಶೂ ಹಾಕಲೇಬೇಕು. ಡಾಕ್ಟರ ರೂಮಿನ ಹೊರಗೆ ಕಾಯುವುದೇ ಅರ್ಧ ಕೆಲಸ. ಕಾಯುತ್ತಾ ಕೂತವನ ಕಣ್ಣು ಮೊದಲು ಹೋಗುವುದು ಎದುರಿಗಿದ್ದವರ ಕಾಲಿನ ಕಡೆಗೆ. ಹಾಗಾಗಿ ನನ್ನದಷ್ಟೇ ಅಲ್ಲ, ಬೇರೆಯವರ ಶೂ ಹಾಳಾಗುವುದನ್ನೂ ಜಾಸ್ತಿಯೇ ನೋಡಿದ್ದೇನೆ.

ಶೂ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಚಳಿ ದೇಶದ್ದು. ಬೆಳಿಗ್ಗೆ ಹಾಕಿ ರಾತ್ರಿ ಬಿಚ್ಚುವವರಿಗೆ ಬರೆದದ್ದು. ನಾವು ಹಾಗಲ್ಲ. ಕ್ಲಿನಿಕ್ ಬಾಗಿಲಲ್ಲಿ ಬಿಚ್ಚಬೇಕು, ಗುಡಿಯಲ್ಲಿ ಬಿಚ್ಚಬೇಕು, ಯಾರ ಮನೆಗೆ ಹೋದರೂ ಹೊಸ್ತಿಲಾಚೆ ಬಿಡಬೇಕು. ಅದರ ಮೇಲೆ ಏಪ್ರಿಲ್ ಬಿಸಿಲು, ಧೂಳು, ಬೈಕಿನ ಗೇರು. ನಮ್ಮ ಶೂ ಹಾಳಾಗುವುದು ನಡೆದು ನಡೆದು ಅಲ್ಲ, ಬಿಚ್ಚಿ ಹಾಕಿ. ಈ ಲೇಖನ ಪೂರ್ತಿ ಆ ಲೆಕ್ಕದಲ್ಲೇ ಬರೆದದ್ದು.

ಮೊದಲು ಯಾವ ತರಹದ್ದು ಅಂತ ತೀರ್ಮಾನ ಮಾಡಿ

ಲೇಸ್ ಇರುವ ಫಾರ್ಮಲ್ ಶೂಗಳಲ್ಲಿ ಎರಡು ಮುಖ್ಯ ಜಾತಿ. ಆಕ್ಸ್‌ಫರ್ಡ್‌ನಲ್ಲಿ ಲೇಸಿನ ತೂತುಗಳಿರುವ ಪಟ್ಟಿ ಮುಂಭಾಗದ ಚರ್ಮದ ಕೆಳಗೆ ಸೇರಿ ಹೊಲಿದುಹೋಗಿರುತ್ತದೆ. ಲೇಸ್ ಸಡಿಲ ಮಾಡಿದರೂ ಬಾಯಿ ಪೂರ್ತಿ ತೆರೆಯುವುದಿಲ್ಲ. ಡರ್ಬಿಯಲ್ಲಿ ಆ ಪಟ್ಟಿಗಳು ಮೇಲೆ ಕೂತಿರುತ್ತವೆ, ಪುಸ್ತಕದ ಹಾಗೆ ಎರಡು ಕಡೆ ತೆರೆದುಕೊಳ್ಳುತ್ತವೆ. ಆಕ್ಸ್‌ಫರ್ಡ್ ನೋಡಲು ಅಚ್ಚುಕಟ್ಟು, ಸೂಟಿಗೆ ಅದೇ ಸರಿ. ಆದರೆ ಉಬ್ಬು ಪಾದದವರಿಗೆ, ಅಗಲ ಪಾದದವರಿಗೆ, ದಿನಕ್ಕೆ ಹತ್ತು ಸಲ ಬಿಚ್ಚುವವರಿಗೆ ಡರ್ಬಿಯೇ ಸೈ. ಚಿಕ್ಕಂದಿನಿಂದ ಚಪ್ಪಲಿಯಲ್ಲಿ, ಬರಿಗಾಲಲ್ಲಿ ಓಡಾಡಿ ಬೆಳೆದ ಕಾಲು ಬೆರಳುಗಳ ಹತ್ತಿರ ಹರಡಿಕೊಂಡಿರುತ್ತದೆ, ಅಲ್ವಾ? ಅದನ್ನು ಆಕ್ಸ್‌ಫರ್ಡ್‌ನಲ್ಲಿ ತುರುಕಿದರೆ ಸಂಜೆಗೆ ಕಿರುಬೆರಳು ಲೆಕ್ಕ ಕೇಳುತ್ತದೆ.

ಲೇಸೇ ಬೇಡ ಅಂದರೆ ಲೋಫರ್. ಸುಲಭ, ಆದರೆ ಅಳತೆ ಒಂದು ಕೂದಲೆಳೆ ಹೆಚ್ಚಾದರೂ ಹಿಮ್ಮಡಿ ಪಟಪಟ ಅನ್ನುತ್ತದೆ. ಬಕಲ್ ಇರುವ ಮಾಂಕ್ ಕೂಡ ಒಳ್ಳೆಯದೇ. ಮೊದಲ ಜೊತೆ ಕಪ್ಪು ಇರಲಿ, ಎರಡನೆಯದು ಗಾಢ ಕಂದು. ಟ್ಯಾನ್ ಬಣ್ಣದ್ದು ಅಂಗಡಿಯ ಲೈಟಿನಲ್ಲಿ ಚೆಂದ ಕಾಣುತ್ತದೆ. ಒಂದು ಮಳೆ, ಒಂದು ಗೇರಿನ ಕಲೆ ಬಿದ್ದರೆ ಮುಗೀತು.

ಚರ್ಮವೋ, ರೆಕ್ಸಿನ್ನೋ

ನಮ್ಮೂರಿನ ಮಂಡಿಪೇಟೆ, ಅಶೋಕ ರಸ್ತೆ, ಪಿ.ಬಿ. ರಸ್ತೆ ಎಲ್ಲೇ ಹೋಗಿ, "ಪ್ಯೂರ್ ಲೆದರ್ ಸಾರ್" ಅನ್ನುವುದು ಅಂಗಡಿಯವರ ಬಾಯಲ್ಲಿ ನಮಸ್ಕಾರದ ಹಾಗೆ ಬರುತ್ತದೆ. ನೀವು ಮೂರು ಜಾಗ ನೋಡಿ.

ಒಂದು, ಒಳಗಡೆ ಅಥವಾ ಅಡಿಯಲ್ಲಿ ಅಂಟಿಸಿರುವ ಚಿಕ್ಕ ಚಿತ್ರಗಳು. ಹರಡಿದ ಚರ್ಮದ ಆಕಾರ ಇದ್ದರೆ ಚರ್ಮ. ಚೌಕವನ್ನು ಓರೆ ನಿಲ್ಲಿಸಿದ ಹಾಗಿದ್ದರೆ ಬೇರೆ ವಸ್ತು, ಅಂದರೆ ರೆಕ್ಸಿನ್, ರಬ್ಬರ್ ಇತ್ಯಾದಿ. ಬಲೆಯ ಹಾಗಿದ್ದರೆ ಬಟ್ಟೆ. ಇದು ಮೇಲ್ಭಾಗ, ಒಳಪದರ, ಅಟ್ಟೆ ಮೂರಕ್ಕೂ ಬೇರೆ ಬೇರೆ ಇರುತ್ತದೆ. ಮೇಲ್ಭಾಗ ಚರ್ಮ, ಒಳಪದರ ರೆಕ್ಸಿನ್ ಅನ್ನುವುದು ಮಾಮೂಲಿ ಆಟ. ನಮ್ಮ ಸೆಖೆಗೆ ಒಳಪದರವೂ ಚರ್ಮದ್ದೇ ಇರಬೇಕು. ಬೆವರು ಹೀರುವುದು ಅದೇ.

ಎರಡು, ಲೇಸಿನ ಕೆಳಗಿರುವ ನಾಲಿಗೆ. ಅದರ ಅಂಚನ್ನು ಬಹಳ ಸಲ ಮಡಚಿ ಹೊಲಿದಿರುವುದಿಲ್ಲ. ಅಲ್ಲಿ ನಾರು ನಾರಾಗಿ ಕಂಡರೆ ಚರ್ಮ. ತೆಳು ಪ್ಲಾಸ್ಟಿಕ್ ಪದರದ ಹಿಂದೆ ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್.

ಮೂರು, ಹೆಬ್ಬೆರಳಿನಿಂದ ಮುಂಭಾಗ ಒತ್ತಿ. ಒಳ್ಳೆಯ ಚರ್ಮದಲ್ಲಿ ಸಣ್ಣ ಸಣ್ಣ ಗೆರೆ ಮೂಡುತ್ತವೆ, ಅಜ್ಜಿಯ ಕೈ ಮೇಲಿನ ಸುಕ್ಕಿನ ಹಾಗೆ. ಬೆರಳು ತೆಗೆದರೆ ಮಾಯ. ರೆಕ್ಸಿನ್ ಆದರೆ ಒಟ್ಟಾಗಿ ತಗ್ಗುತ್ತದೆ, ಅಥವಾ ಒಂದೇ ದಪ್ಪ ಮಡಿಕೆ ಬೀಳುತ್ತದೆ.

ವಾಸನೆ ನಂಬಬೇಡಿ, ಅದನ್ನು ಸ್ಪ್ರೇ ಮಾಡಬಹುದು. ಬೆಂಕಿ ಕಡ್ಡಿ ಗೀರಿ ತೋರಿಸುವ ಸರ್ಕಸ್ಸೂ ಬೇಡ. ಇನ್ನು "ಜೆನ್ಯೂಯಿನ್ ಲೆದರ್" ಅನ್ನುವ ಮುದ್ರೆ. ಅದು ಚರ್ಮ ಅನ್ನುವುದನ್ನು ಹೇಳುತ್ತದೆಯೇ ಹೊರತು ಒಳ್ಳೆಯ ಚರ್ಮ ಅಂತಲ್ಲ. ಹದ ಮಾಡಿದ ಚರ್ಮವನ್ನು ಪದರ ಪದರವಾಗಿ ಸೀಳುತ್ತಾರೆ. ಎಲ್ಲಕ್ಕಿಂತ ಮೇಲಿನ ಪದರ ಗಟ್ಟಿ. ಅದನ್ನು ಉಜ್ಜದೆ ಹಾಗೇ ಉಳಿಸಿದ್ದಕ್ಕೆ ಫುಲ್ ಗ್ರೇನ್ ಅನ್ನುತ್ತಾರೆ. ಕಲೆಗಳನ್ನು ಉಜ್ಜಿ ತೆಗೆದು ಮೇಲೆ ದಪ್ಪ ಬಣ್ಣ ಬಳಿದದ್ದು ಕರೆಕ್ಟೆಡ್ ಗ್ರೇನ್. ಕನ್ನಡಿಯ ಹಾಗೆ ಮಿಂಚುವ ಅಗ್ಗದ ಶೂ ಬಹುಮಟ್ಟಿಗೆ ಈ ಎರಡನೆಯ ಜಾತಿಯದು. ಬಳಿದ ಬಣ್ಣ ಮಡಿಕೆಯಲ್ಲಿ ಒಡೆದರೆ ಯಾವ ಪಾಲಿಶೂ ಅದನ್ನು ಕೂಡಿಸುವುದಿಲ್ಲ.

ಅಟ್ಟೆಯನ್ನು ತಿರುಗಿಸಿ ನೋಡಿ

ನನ್ನ ಮದುವೆಯ ಶೂ ಕೈಕೊಟ್ಟದ್ದು ಇಲ್ಲೇ. ಪಿಯು ಅಂದರೆ ಪಾಲಿಯುರೆಥೇನ್, ನೊರೆಯಂಥ ಒಂದು ಪ್ಲಾಸ್ಟಿಕ್. ಅದರ ಅಟ್ಟೆ ಹಗುರ, ಮೆತ್ತಗೆ, ಹಾಕಿದ ಕೂಡಲೇ ಹಿತ ಅನ್ನಿಸುತ್ತದೆ. ಆದರೆ ಗಾಳಿಯ ತೇವ ಅದನ್ನು ಒಳಗಿನಿಂದ ನಿಧಾನಕ್ಕೆ ಮುರಿಯುತ್ತಾ ಹೋಗುತ್ತದೆ. ಹಾಕಿದರೂ ಅಷ್ಟೇ, ಡಬ್ಬಿಯಲ್ಲಿಟ್ಟರೂ ಅಷ್ಟೇ. ಕೆಲವು ವರ್ಷದ ಮೇಲೆ ಒಂದು ದಿನ ಪುಡಿ. "ಅಪರೂಪಕ್ಕೆ ಹಾಕೋಣ" ಅಂತ ಕೊಳ್ಳುವ ಶೂಗೆ ಪಿಯು ಅಟ್ಟೆ ಬೇಡವೇ ಬೇಡ. ಟಿಪಿಆರ್ (ಥರ್ಮೋಪ್ಲಾಸ್ಟಿಕ್ ರಬ್ಬರ್) ಅಥವಾ ರಬ್ಬರ್ ಕೇಳಿ. ಎಷ್ಟೋ ಅಟ್ಟೆಗಳ ಅಡಿಯಲ್ಲೇ ಯಾವುದರದ್ದು ಅಂತ ಅಚ್ಚು ಹಾಕಿರುತ್ತಾರೆ. ಕೈಯಲ್ಲಿ ಹಿಡಿದರೆ ಪಿಯುಗಿಂತ ಸ್ವಲ್ಪ ಭಾರ ಇರುತ್ತದೆ, ಇರಲಿ. ಚರ್ಮದ ಅಟ್ಟೆ ರಾಜಗಾಂಭೀರ್ಯದ್ದು. ಆದರೆ ಆಸ್ಪತ್ರೆಯ ಒರೆಸಿದ ಗ್ರಾನೈಟ್ ನೆಲದ ಮೇಲೆ ಅದರಲ್ಲಿ ನಡೆದು ನೋಡಿ, ದೇವರ ನೆನಪಾಗುತ್ತದೆ.

ಮೇಲ್ಭಾಗಕ್ಕೂ ಅಟ್ಟೆಗೂ ಬೆಸುಗೆ ಹೇಗೆ ಅನ್ನುವುದೂ ಮುಖ್ಯ. ಬರೀ ಅಂಟು ಹಾಕಿದ್ದು ಅಗ್ಗ, ಅಂಟು ಬಿಟ್ಟರೆ ಮತ್ತೆ ಅಂಟಿಸಬೇಕು. ಒಳಗೆ ಪಾದ ಇಡುವ ಜಾಗದಲ್ಲೇ ಹೊಲಿಗೆ ಕಂಡರೆ ಬ್ಲೇಕ್. ಮೂರನೆಯದು ಗುಡ್‌ಇಯರ್ ವೆಲ್ಟ್: ಮೇಲ್ಭಾಗವನ್ನು ಮೊದಲು ಒಂದು ಪಟ್ಟಿಗೆ ಹೊಲಿದು, ಆ ಪಟ್ಟಿಗೆ ಅಟ್ಟೆ ಹೊಲಿಯುತ್ತಾರೆ. ಅಟ್ಟೆ ಸವೆದರೆ ಹಳೆಯದನ್ನು ಬಿಚ್ಚಿ ಹೊಸದು ಹಾಕಬಹುದು, ಚರ್ಮಕ್ಕೆ ಪೆಟ್ಟಾಗುವುದಿಲ್ಲ. ಇಲ್ಲೊಂದು ಮೋಸ ಇದೆ. ಅಂಟಿನ ಶೂಗಳಲ್ಲೂ ಅಂಚಿನಲ್ಲಿ ಹೊಲಿಗೆಯ ಹಾಗೆ ಅಚ್ಚು ಒತ್ತಿರುತ್ತಾರೆ. ಉಗುರಿನಿಂದ ಮುಟ್ಟಿ ನೋಡಿ. ದಾರ ಆದರೆ ಉಗುರಿಗೆ ಸಿಗುತ್ತದೆ. ಅಚ್ಚಾದರೆ ಸುಮ್ನೆ ಜಾರುತ್ತದೆ.

ಅಳತೆ: ಸಂಜೆ ಹೋಗಿ, ಸಾಕ್ಸ್ ಹಾಕಿಕೊಂಡು ಹೋಗಿ

ಮದುವೆಯಲ್ಲಿ ಕೂಗಿದ ಅಕ್ಕನ ಮಗ ಈಗ ಡಿಗ್ರಿ ಮುಗಿಸಿದ್ದಾನೆ. ಬ್ಯಾಂಕ್ ಇಂಟರ್‌ವ್ಯೂಗೆ ಶೂ ಬೇಕು ಅಂದ. ಬೆಳಿಗ್ಗೆ ಹತ್ತಕ್ಕೇ ಹೋಗೋಣ ಅಂತ ಅವಸರ ಮಾಡಿದ. ನಾನು ಸಂಜೆ ಆರಕ್ಕೆ ಕರಕೊಂಡು ಹೋದೆ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿ ಬಂದ ಶೂ ಸಂಜೆಗೆ ಬಿಗಿಯುತ್ತದೆ.

ಅಂಗಡಿಯ ಹುಡುಗ ಎಂಟನೇ ನಂಬರ್ ತಂದ. ಇವನು ಕಾಲು ತೂರಿಸಿ ಮುಖ ಕಿವುಚಿದ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್," ಅಂದ ಹುಡುಗ. ಇದು ಅರ್ಧ ನಿಜ. ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಹೆಬ್ಬೆರಳು ತುದಿಗೆ ತಾಗುತ್ತಿದ್ದರೆ ಆ ಶೂ ಜನ್ಮದಲ್ಲಿ ಸರಿ ಹೋಗುವುದಿಲ್ಲ. ಒಂಬತ್ತು ತರಿಸಿದೆವು, ಹಿಮ್ಮಡಿ ಎದ್ದು ಬಂತು. ಎಂಟೂವರೆ ಆ ಮಾದರಿಯಲ್ಲಿ ಇರಲಿಲ್ಲ. ನಮ್ಮಲ್ಲಿ ನಡೆಯುವುದು ಯುಕೆ ನಂಬರ್. ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ, ಅದು ಕಡಿಮೆಯೇನಲ್ಲ. ಕೊನೆಗೆ ಬೇರೆ ಅಂಗಡಿಯಲ್ಲಿ, ಬೇರೆ ಅಚ್ಚಿನ ಎಂಟನೇ ನಂಬರಿನ ಡರ್ಬಿ ಕೈಗವಸಿನ ಹಾಗೆ ಕೂತಿತು. ನಂಬರ್ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಅಚ್ಚು ಬೇರೆ. ಹಾಗಾಗಿ ನಂಬರ್ ನೋಡಿ ಕೊಳ್ಳಬೇಡಿ, ಕಾಲು ಕೇಳಿ ಕೊಳ್ಳಿ.

ಎರಡೂ ಕಾಲಿಗೆ ಹಾಕಿ ನೋಡಿ. ಹೆಚ್ಚಿನವರಿಗೆ ಒಂದು ಪಾದ ಸ್ವಲ್ಪ ದೊಡ್ಡದಿರುತ್ತದೆ, ಅದರ ಲೆಕ್ಕಕ್ಕೆ ಕೊಳ್ಳಿ. ನಿಂತಾಗ ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಇರಬೇಕು. ಪಾದದ ಅತಿ ಅಗಲವಾದ ಭಾಗ ಶೂ ಮಡಚುವ ಜಾಗದಲ್ಲೇ ಕೂರಬೇಕು. ಹಿಮ್ಮಡಿ ತುಸು ಜಾರಿದರೆ ಪರವಾಗಿಲ್ಲ, ಅಟ್ಟೆ ಪಳಗಿದ ಮೇಲೆ ನಿಲ್ಲುತ್ತದೆ. ಅಂಗಡಿಯ ಕಾರ್ಪೆಟ್ ಮೇಲಲ್ಲ, ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿ.

ದುಡ್ಡಿನ ವಿಷಯ

ಜವಳಿಗೆ ಅಂತ ಹರಿಹರ, ಜಗಳೂರು, ಚನ್ನಗಿರಿಯಿಂದ ದಾವಣಗೆರೆಗೆ ಬರುತ್ತಾರೆ. ಮದುಮಗನ ಸೂಟಿಗೆ ಹದಿನೈದು ಸಾವಿರ. ಬಸ್ಸಿಗೆ ಮುಂಚೆ ಉಳಿದ ಅರ್ಧ ಗಂಟೆಯಲ್ಲಿ, ಉಳಿದ ಚಿಲ್ಲರೆಯಲ್ಲಿ ಶೂ. ಇದನ್ನು ತಿರುವು ಮುರುವು ಮಾಡಿ ಅಂತ ಹೇಳುವುದಿಲ್ಲ. ಆದರೆ ಸೂಟು ಆ ಒಂದು ದಿನಕ್ಕೆ, ಶೂ ಐದು ವರ್ಷಕ್ಕೆ ಅನ್ನುವುದು ನೆನಪಿರಲಿ. ನಾನು ನೋಡಿದ ಹಾಗೆ ಸಾವಿರ, ಸಾವಿರದೈನೂರರದ್ದು ಹೆಚ್ಚೂ ಕಡಿಮೆ ರೆಕ್ಸಿನ್ನೇ. ಒಳಪದರವೂ ಚರ್ಮದ್ದಾಗಿರುವುದು ಬೇಕೆಂದರೆ ಮೂರು ಸಾವಿರದ ಆಚೀಚೆ ಸಿದ್ಧ ಇರಿ. ವೆಲ್ಟ್ ಹೊಲಿಗೆಯದ್ದು ಇದರ ಎರಡು ಮೂರು ಪಟ್ಟು, ಅದನ್ನು ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕಾಗಬಹುದು. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಒಂದು ಜೊತೆಗೆ 2,500 ರೂಪಾಯಿವರೆಗಿನ ಶೂಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18. ಆ ಗೆರೆಯಿಂದ ನೂರಿನ್ನೂರು ಮಾತ್ರ ಮೇಲಿರುವ ಶೂಗೆ ಚೌಕಾಸಿ ಮಾಡುವುದು ಲಾಭದ ಕೆಲಸ.

ರಾಜ್ಯ ಸರ್ಕಾರದ ಚರ್ಮ ಕೈಗಾರಿಕೆ ನಿಗಮ ಲಿಡ್ಕರ್ 1976ರಿಂದ ಇದೆ. ಬೆಂಗಳೂರಿಗೆ ಹೋದಾಗ ಅವರ ಮಳಿಗೆಗೂ ಒಮ್ಮೆ ಕಾಲಿಡಿ. ಥಳುಕು ಕಡಿಮೆ, ಮಾಲು ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ.

ಹೊಸ ಶೂ ಕಚ್ಚದ ಹಾಗೆ

ಮೊದಲ ವಾರ ಮನೆಯೊಳಗೆ ದಪ್ಪ ಸಾಕ್ಸ್ ಹಾಕಿ ದಿನಾ ಅರ್ಧ ಗಂಟೆ ಓಡಾಡಿ. ಮನೆಯವರು ನಗುತ್ತಾರೆ, ನಗಲಿ. ಅಟ್ಟೆಗೆ ಮಣ್ಣು ತಾಗದಿದ್ದರೆ ಆನ್‌ಲೈನ್ ಮಾಲನ್ನು ವಾಪಸ್ ಮಾಡಲೂ ಆಗುತ್ತದೆ. ಮದುವೆಯ ದಿನವೇ ಹೊಸ ಶೂ ಹಾಕಿದ ಮದುಮಗನನ್ನು ಗುರುತಿಸುವುದು ಸುಲಭ. ಆರತಕ್ಷತೆಯ ವೇದಿಕೆ ಮೇಲೆ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಂತಿರುತ್ತಾನೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಲೇಸ್ ಬಿಚ್ಚದೆ, ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಒತ್ತಿ ಕಳಚಬೇಡಿ. ಹಾಕುವಾಗ ಹಿಂಭಾಗ ತುಳಿದು ಚಪ್ಪಲಿ ಮಾಡಿಕೊಳ್ಳಬೇಡಿ. ಹಿಮ್ಮಡಿಯ ಒಳಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ. ಅದು ಒಮ್ಮೆ ಮುರಿದರೆ ಶೂ ಆಕಾರವೇ ಹೋಗುತ್ತದೆ, ಕಾಲಿಗೂ ಕಚ್ಚುತ್ತದೆ. ನನ್ನ ಬ್ಯಾಗಿನಲ್ಲಿ ಸ್ಯಾಂಪಲ್ ಮಾತ್ರೆಗಳ ಜೊತೆ ಹಿಮ್ಮಡಿಯನ್ನು ಶೂ ಒಳಗೆ ಜಾರಿಸುವ ಒಂದು ಗೇಣುದ್ದದ ಪಟ್ಟಿ, ಅಂದರೆ ಶೂ ಹಾರ್ನ್, ಸದಾ ಇರುತ್ತದೆ. ಅದಿಲ್ಲದಿದ್ದರೆ ಸ್ಟೀಲ್ ಚಮಚದ ಹಿಡಿ ಸಾಕು. ಕ್ಲಿನಿಕ್ ಬಾಗಿಲಲ್ಲಿ ಬಗ್ಗಿ ಲೇಸ್ ಬಿಚ್ಚುವುದಕ್ಕೆ ಹತ್ತು ಸೆಕೆಂಡ್. ಆ ಹತ್ತು ಸೆಕೆಂಡಿನಿಂದ ನನ್ನ ಶೂ ಎರಡು ವರ್ಷ ಜಾಸ್ತಿ ಬಾಳಿದೆ.

ಇನ್ನು ಬಿಟ್ಟ ಜಾಗ. ಮನೆಯ ಮೆಟ್ಟಿಲ ಮೇಲೆ ಬಿಡುತ್ತೇವೆ, ಮಧ್ಯಾಹ್ನದ ಬಿಸಿಲು ನೇರ ಅಲ್ಲಿಗೇ ಬೀಳುತ್ತದೆ. ಚರ್ಮ ಒಣಗಿ ಬಿರುಕು ಬಿಡಲು ಅಷ್ಟೇ ಸಾಕು. ನೆರಳಿನ ಮೂಲೆಗೆ ಸರಿಸಿ.

ದಿನದ ಕೆಲಸ

ಒಂದೇ ಜೊತೆಯನ್ನು ದಿನ ಬಿಡದೆ ಹಾಕಬೇಡಿ. ಬೆವರು ಆರಲು ಒಂದು ದಿನ ಬೇಕು. ಎರಡು ಜೊತೆಯನ್ನು ಬದಲಾಯಿಸಿ ಹಾಕಿದರೆ ಎರಡೂ ಬಹಳ ವರ್ಷ ಬಾಳುತ್ತವೆ. ಸಂಜೆ ಬಿಚ್ಚಿದ ಕೂಡಲೇ ಬ್ರಷ್‌ನಿಂದ ಧೂಳು ಹೊಡೆಯಿರಿ, ಅದರಲ್ಲೂ ಮಡಿಕೆಗಳಲ್ಲಿ. ನಮ್ಮೂರಿನ ಧೂಳು ಸಣ್ಣ ಮರಳು ಕಾಗದ ಇದ್ದ ಹಾಗೆ. ಮಡಿಕೆಯಲ್ಲಿ ಕೂತು ಪ್ರತಿ ಹೆಜ್ಜೆಗೂ ಚರ್ಮವನ್ನು ಉಜ್ಜುತ್ತದೆ. ಆಮೇಲೆ ಒಳಗೆ ಮರದ ಶೂ ಟ್ರೀ, ಅಂದರೆ ಪಾದದ ಆಕಾರದ ಅಚ್ಚು, ಇಡಿ. ಅದಿಲ್ಲ ಅಂದರೆ ಹಳೆಯ ಪೇಪರ್ ಉಂಡೆ ಮಾಡಿ ತುಂಬಿ. ವಾಸನೆ ಬರುತ್ತಿದ್ದರೆ ರಾತ್ರಿ ಒಂದು ಚಮಚ ಅಡುಗೆ ಸೋಡಾ ಉದುರಿಸಿ, ಬೆಳಿಗ್ಗೆ ಕೊಡವಿ. ನೈಲಾನ್ ಸಾಕ್ಸ್ ಬಿಟ್ಟು ಕಾಟನ್‌ಗೆ ಬಂದರೆ ಅರ್ಧ ವಾಸನೆ ಅಲ್ಲೇ ಹೋಗುತ್ತದೆ. ಶೂ ಬಿಚ್ಚಿ ಡಾಕ್ಟರ ರೂಮಿಗೆ ಹೋಗುವವನಾಗಿ ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಬೈಕ್ ಓಡಿಸುವವರ ಎಡಗಾಲಿನ ಶೂ ನೋಡಿ. ಬೆರಳಿನ ಮೇಲ್ಗಡೆ ಒಂದು ಬಿಳಿಚಿದ ಗೆರೆ ಇರುತ್ತದೆ, ಗೇರ್ ಎತ್ತಿ ಎತ್ತಿ ಆದದ್ದು. ಬಲಗಾಲಿನದು ಹೊಸದಾಗಿಯೇ ಇರುತ್ತದೆ. ಗೇರ್ ಲಿವರಿಗೆ ದಪ್ಪ ರಬ್ಬರ್ ಹಾಕಿಸಿ. ಹಿಂದೆಯೂ ಪೆಡಲ್ ಇರುವ ಗೇರ್ ಆದರೆ ಹಿಮ್ಮಡಿಯಿಂದ ಒತ್ತಿ ಬದಲಾಯಿಸಿ. ಗೆರೆ ಆಗಲೇ ಬಿದ್ದಿದ್ದರೆ ಅದೇ ಬಣ್ಣದ ಶೂ ಕ್ರೀಮ್ ಹಚ್ಚಿ, ಸುಮಾರಾಗಿ ಮುಚ್ಚುತ್ತದೆ.

ಪಾಲಿಶ್

ಭಾನುವಾರ ಬೆಳಿಗ್ಗೆ, ಒಂದಕ್ಕೆ ಹತ್ತು ನಿಮಿಷದ ಕೈಕೆಲಸ, ಆರಲು ಬಿಡುವ ಹೊತ್ತು ಬೇರೆ. ಲೇಸ್ ಪೂರ್ತಿ ತೆಗೆಯಿರಿ. ಬ್ರಷ್ ಹೊಡೆದು, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಐದು ನಿಮಿಷ ಆರಲು ಬಿಡಿ. ಹಳೆಯ ಬನಿಯನ್ ತುಂಡನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ. ಕ್ರೀಮನ್ನು ಕಡಲೆಕಾಳಿನಷ್ಟು ಮಾತ್ರ ತೆಗೆದುಕೊಂಡು ಸಣ್ಣ ಸಣ್ಣ ಸುತ್ತು ಹಾಕುತ್ತಾ ಹಚ್ಚಿ. ಹೊಳಪು ಮಾಯವಾಗಿ ಮಂಕಾಗುತ್ತದೆ, ಗಾಬರಿ ಬೇಡ. ಹತ್ತು ನಿಮಿಷ ಬಿಟ್ಟು ಕುದುರೆ ಕೂದಲಿನ ಬ್ರಷ್‌ನಿಂದ ಬೀಸಿ ಬೀಸಿ ಉಜ್ಜಿ. ಒತ್ತುವುದಲ್ಲ, ಬೀಸುವುದು. ಹೊಳಪು ನಿಧಾನಕ್ಕೆ ಮೇಲೆದ್ದು ಬರುತ್ತದೆ. ಇದನ್ನು ನೋಡುವುದೇ ಒಂದು ಸುಖ.

ಕ್ರೀಮ್ ಚರ್ಮಕ್ಕೆ ಊಟ, ಡಬ್ಬಿಯ ಮೇಣದ ಪಾಲಿಶ್ ಅದಕ್ಕೆ ಅಂಗಿ. ಮೇಣವನ್ನು ಮುಂತುದಿಗೆ, ಹಿಮ್ಮಡಿಗೆ ಮಾತ್ರ ಹಚ್ಚಿ. ಎರಡು ಹನಿ ನೀರು ಚಿಮುಕಿಸಿ ಬಟ್ಟೆಯಿಂದ ತಿಕ್ಕಿದರೆ ಕನ್ನಡಿ ಹೊಳಪು ಬರುತ್ತದೆ. ಮಡಚುವ ಜಾಗಕ್ಕೆ ಮೇಣ ಬಳಿದರೆ ಅದು ಒಡೆದು ಬಿಳಿ ಗೆರೆಯಾಗುತ್ತದೆ. ಸ್ಪಾಂಜ್ ತುದಿಯ ಲಿಕ್ವಿಡ್ ಪಾಲಿಶ್ ಅವಸರಕ್ಕೆ ಸರಿ, ದಿನಾ ಬೇಡ. ಅದು ಚರ್ಮದ ಮೇಲೆ ಒಂದು ಪೊರೆ ಕಟ್ಟುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಚರ್ಮ ಕಪ್ಪಿಡುತ್ತದೆ, ಮೆತ್ತಗಾಗಿ ಜೋಲುತ್ತದೆ, ಜಿಡ್ಡಿಗೆ ಊರಿನ ಧೂಳೆಲ್ಲ ಬಂದು ಅಂಟುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಲೆದರ್ ಕಂಡೀಷನರ್ ತೆಳ್ಳಗೆ ಹಚ್ಚಿ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಬೇಗ. ಮಖಮಲ್ಲಿನ ಹಾಗೆ ನವಿರು ಜುಂಗಿರುವ ಸ್ವೇಡ್ ಚರ್ಮದ ಶೂಗೆ ಇದು ಯಾವುದೂ ಇಲ್ಲ, ಅದಕ್ಕೆ ಬರೀ ಬ್ರಷ್.

ಮಳೆಗೆ ಸಿಕ್ಕಿದರೆ

ಒಲೆ ಹತ್ತಿರ, ಬಿಸಿಲಲ್ಲಿ, ಹೇರ್ ಡ್ರೈಯರ್ ಮುಂದೆ ಇಡಬೇಡಿ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಕುಗ್ಗಿ ಹಪ್ಪಳವಾಗುತ್ತದೆ. ಪೇಪರ್ ತುಂಬಿ, ಪಕ್ಕಕ್ಕೆ ಮಲಗಿಸಿ, ಫ್ಯಾನ್ ಗಾಳಿಯಲ್ಲಿ ಬಿಡಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಪೂರ್ತಿ ಒಣಗಲು ಒಂದೆರಡು ದಿನ ಹಿಡಿಯುತ್ತದೆ. ಬಿಳಿ ಉಪ್ಪಿನ ಗೆರೆ ಕಂಡರೆ ವಿನೆಗರ್, ನೀರು ಸಮ ಸಮ ಬೆರೆಸಿ ಒರೆಸಿ, ಆರಿದ ಮೇಲೆ ಕ್ರೀಮ್.

ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಶೂವನ್ನು ಮನೆಯ ಹೊರಗೆ ಒಯ್ದು ಒರೆಸಿ, ಒಳಗೆ ಕೊಡವಿದರೆ ಪಕ್ಕದ ಶೂಗೂ ಹರಡುತ್ತದೆ. ಅದೇ ವಿನೆಗರ್ ನೀರು ಸಾಕು. ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹಳೆಯ ದಿಂಬಿನ ಚೀಲ ಒಳ್ಳೆಯದು. ಮಾತ್ರೆ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಾನು ಎಸೆಯುವುದಿಲ್ಲ, ಎಲ್ಲ ಶೂ ಡಬ್ಬಿಗೆ.

ರಿಪೇರಿಗೆ ಯಾವಾಗ

ಹಿಮ್ಮಡಿಯ ರಬ್ಬರ್ ಓರೆಯಾಗಿ ಸವೆಯತೊಡಗಿದ ಕೂಡಲೇ ರಿಪೇರಿಯವರ ಹತ್ತಿರ ಹೋಗಿ. ಕೆಳಗಿನ ಪದರ ಮಾತ್ರ ಬದಲಿಸಿದರೆ ಮುಗಿಯುತ್ತದೆ. ಬಿಟ್ಟರೆ ಹೀಲೇ ತಿಂದುಹೋಗುತ್ತದೆ, ನಡಿಗೆಯೂ ಓರೆಯಾಗುತ್ತದೆ. ಅಂಟು ಬಿಟ್ಟ ಅಟ್ಟೆಗೆ ಬರೀ ಸಲ್ಯೂಷನ್ ಹಾಕಿಸಬೇಡಿ, ಸುತ್ತ ಕೈಹೊಲಿಗೆಯನ್ನೂ ಹಾಕಿಸಿ. ನಾನು ಹೋಗುವ ಹಿರಿಯರು ಒಬ್ಬರಿದ್ದಾರೆ, ರಸ್ತೆ ಬದಿ ಕೊಡೆ ಕೆಳಗೆ ಕೂರುತ್ತಾರೆ. ದಾರಕ್ಕೆ ಮೇಣ ಎಳೆದು, ಆರಿಯಿಂದ ತೂತು ಮಾಡಿ, ಪ್ರತಿ ಹೊಲಿಗೆಯನ್ನೂ ಮೊಣಕಾಲಿಗೆ ಆನಿಸಿ ಜಗ್ಗಿ ಬಿಗಿಯುತ್ತಾರೆ. ಅವರು ಹೊಲಿದದ್ದು ಮತ್ತೆ ಬಿಟ್ಟದ್ದಿಲ್ಲ. ಹರಳಯ್ಯನವರ ಕಥೆಗೆ ಕೈ ಮುಗಿಯುವ ನಾವು ಇಂಥವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಮೇಲೆ ಹೇಳಿದ ಜಿಎಸ್‌ಟಿ ಚೌಕಾಸಿಯನ್ನು ಅಂಗಡಿಯಲ್ಲಿ ಮಾಡಿ, ಇಲ್ಲಿ ಬೇಡ.

ಅಟ್ಟೆ, ಹೀಲ್, ಲೇಸ್, ಒಳಗಿನ ಪ್ಯಾಡ್ ಎಲ್ಲ ಬದಲಿಸಬಹುದು. ಮೇಲಿನ ಚರ್ಮ ಆಳವಾಗಿ ಬಿರುಕು ಬಿಟ್ಟರೆ ಮಾತ್ರ ಬಿಟ್ಟುಬಿಡಿ, ದುಡ್ಡು ದಂಡ. ನನ್ನ ಮದುವೆಯ ಶೂವಿನ ಚರ್ಮ ಚೆನ್ನಾಗಿತ್ತಲ್ಲ, ಅದನ್ನು ಎಸೆಯಲಿಲ್ಲ. ಕೊಡೆ ಕೆಳಗಿನ ಹಿರಿಯರು ಹಳೆಯ ಪುಡಿಯನ್ನೆಲ್ಲ ಕೆರೆದು ಹೊಸ ರಬ್ಬರ್ ಅಟ್ಟೆ ಹೊಲಿದುಕೊಟ್ಟರು. ಈಗ ಅದು ಮಳೆಗಾಲದ ಶೂ. ಜಗಳೂರು ಲೈನಿಗೆ ಹೋಗುವ ದಿನ ಅದನ್ನೇ ಹಾಕುತ್ತೇನೆ.